ಸ್ವಂತ ಹೆಸರಿನ ಖಾತೆ

ಶ್ರೀರಂಗಪಟ್ಟಣವನ್ನು ರಾಜಧಾನಿಯಾಗಿ ಮಾಡಿಕೊಂಡು ಮೈಸೂರು ಸೀಮೆಯನ್ನು ಆಳಿದ ಅರಸರಲ್ಲಿ ಚಿಕ್ಕದೇವರಾಜ ಒಡೆಯರು (1673-1704) ಎರಡು ಕಾರಣಗಳಿಂದ ಇಂದಿಗೂ ಜನರ ನೆನಪಿನಲ್ಲಿ ಉಳಿದಿದ್ದಾರೆ. ರಾಜ್ಯದಲ್ಲಿ ಓಲೆಗಳನ್ನು ಒಯ್ಯುವ ಅಂಚೆಯ ಏರ್ಪಾಡನ್ನು ಮಾಡಿದವರು ಅವರು ಎಂಬುದು ಒಂದು. ಅವರ ಬೊಕ್ಕಸದ ಕಥೆ ಇನ್ನೊಂದು. ದಿನದಿನವೂ ಬೆಳಗ್ಗೆ ಎರಡು ಸಾವಿರ ವರಹಗಳು ಖಜಾನೆಗೆ ಸೇರಿದ ಮೇಲೆಯೇ ಅವರು ಫಲಾಹಾರಕ್ಕೆ ಏಳುತ್ತಿದ್ದರಂತೆ. ಹಣ ಬರುವುದು ತಡವಾದರೆ ಫಲಾಹಾರವೂ ತಡವಾಗುತ್ತಿತ್ತಂತೆ. ಹೀಗೆ ಕೂಡಿಟ್ಟುದರಿಂದಲೇ ಅವರಿಗೆ ‘ನವಕೋಟಿ ನಾರಾಯಣ’ ಎಂಬ ಬಿರುದು ಬಂದಿತೆಂದು ಹೇಳುತ್ತಾರೆ.

ಅರಸನ ಉಳಿತಾಯಕ್ಕೆ ಕೋಟೆಯಿತ್ತು, ಕಾವಲಿತ್ತು. ಒಕ್ಕಲುಮಗನ ಉಳಿತಾಯಕ್ಕೆ ಇದ್ದುದು ಗೋಡೆಯ ಗೂಡು, ಸಾಸಿವೆಯ ಡಬ್ಬಿ, ದೇವರ ಹೆಸರಿನಲ್ಲಿ ಅರಿಸಿನದ ಬಟ್ಟೆಗೆ ಕಟ್ಟಿದ ಮುಡುಪು. 1882ರ ಏಪ್ರಿಲ್ 1ರಂದು ಭಾರತದಲ್ಲಿ ಅಂಚೆಕಚೇರಿಯ ಉಳಿತಾಯ ಬ್ಯಾಂಕು ಆರಂಭವಾಯಿತು. ಮೈಸೂರು ಸಂಸ್ಥಾನದ ಸ್ವಂತ ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಂದಿಗೆ ಸೇರಿಹೋಯಿತು. ಆದರೆ ‘ಅಂಚೆ’ ಎಂಬ ಮಾತು ಮಾತ್ರ ನಮ್ಮ ನಾಲಗೆಯಿಂದ ಹೋಗಲಿಲ್ಲ. ಹೀಗೆ ಅರಸನ ಓಲೆ ಒಯ್ಯುವುದಕ್ಕೆಂದು ಹುಟ್ಟಿದ ಹೆಸರಿನ ಕಚೇರಿಯು ಕಾಲಕ್ರಮದಲ್ಲಿ ಬಡವನ ಬೊಕ್ಕಸವೂ ಆಯಿತು.

ಈ ಬೊಕ್ಕಸದಲ್ಲಿ ಯಾರ ಹೆಸರು ಇರುತ್ತದೆ ಎಂಬುದೇ ಈ ಪಾಠದ ವಿಷಯ.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಅಕ್ಕಪಕ್ಕದಲ್ಲಿದ್ದರೂ ಒಂದೇ ಬಗೆಯವಲ್ಲ. ಮೊದಲಿನ ಎರಡರಲ್ಲಿ ಕಾವೇರಿಯ ನಾಲೆಗಳು ಹರಿದು ಭತ್ತ, ಕಬ್ಬು ಬೆಳೆಯುತ್ತವೆ. ನಾಗಮಂಗಲದ ಬಹುಭಾಗ ಮಳೆಯನ್ನೇ ನಂಬಿದ ರಾಗಿಯ ನೆಲ. ಆದರೆ ಗದ್ದೆಯ ಊರಾಗಲಿ, ಹೊಲದ ಊರಾಗಲಿ, ಸಂಪಾದನೆಯೆಂದರೆ ಮೈಮುರಿದು ಮಾಡುವ ಕೆಲಸ ಎಂಬ ಎಣಿಕೆ ಎಲ್ಲ ಕಡೆಯೂ ಒಂದೇ. ಕಬ್ಬು ಕಡಿಯಲಾರದವನು, ಕಳೆ ಕೀಳಲಾರದವಳು ಮನೆಯವರ ಕೈ ನೋಡಿಕೊಂಡು ಇರತಕ್ಕವರು ಎಂದು ಹಿಂದಿನವರು ತಿಳಿದಿದ್ದರು. ಅಂಥವರನ್ನು ಪ್ರೀತಿಯಿಂದ ಸಾಕಿದ ಮನೆಗಳು ಎಷ್ಟೋ ಉಂಟು. ಹಾಗೆ ಸಾಕಿದ ಮನೆಗಳಲ್ಲಿಯೂ ಅವರ ಹೆಸರಿನಲ್ಲಿ ನಾಲ್ಕು ಕಾಸು ಇಡಬೇಕೆಂದು ಯಾರಿಗೂ ತೋರುತ್ತಿರಲಿಲ್ಲ. ಅವರನ್ನು ಕರೆಯುವ ಮಾತುಗಳು ಬದಲಾಗಿವೆ. ಒಂದು ಕಾಲದಲ್ಲಿ ಕುರುಡ, ಕುಂಟ ಎಂದು ಸಂಕೋಚವಿಲ್ಲದೆ ಬರೆಯುತ್ತಿದ್ದರು. ಬಳಿಕ ಅಂಗವಿಕಲ ಎಂಬ ಮಾತು ಬಂದಿತು. ಈಗ ವಿಕಲಚೇತನ ಎನ್ನುತ್ತೇವೆ. ಮಾತು ತಿದ್ದಿದಷ್ಟು ಸುಲಭವಾಗಿ ಹಣದ ವ್ಯವಹಾರವನ್ನು ತಿದ್ದಲಾಗಲಿಲ್ಲ.

ಕರ್ನಾಟಕ ಸರ್ಕಾರವು ವಿಕಲಚೇತನರಿಗೆ ಮಾಸಾಶನ ಕೊಡುತ್ತ ಬಂದಿದೆ. ಮೊದಲು ಈ ಹಣವು ಮನಿಯಾರ್ಡರಿನ ಮೂಲಕ ಬರುತ್ತಿತ್ತು. ಅಂಚೆಯವನು ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಿದ್ದ. ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಎಣಿಸಿ ಕೊಡುತ್ತಿದ್ದ. ಕೈಗೆ ಬಂದ ಹಣ ಸಂಜೆಯೊಳಗೆ ಮನೆಯ ಖರ್ಚಿಗೆ ಸೇರಿಹೋದರೆ ಅದನ್ನು ತಪ್ಪೆನ್ನುವಂತೆಯೂ ಇರಲಿಲ್ಲ, ಏಕೆಂದರೆ ಅವರೂ ಆ ಮನೆಯಲ್ಲಿಯೇ ಉಣ್ಣುತ್ತಿದ್ದರು. ಈಗ ನಾಡಕಚೇರಿಯಲ್ಲಿ ಅರ್ಜಿ ಹಾಕಿ ಮಂಜೂರಾದ ಮಾಸಾಶನವು ನೇರವಾಗಿ ಅವರವರ ಖಾತೆಗೆ ಜಮಾ ಆಗುತ್ತದೆ. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆಯ ತರುವಾಯ, ಕನಿಷ್ಠ ಹಣವನ್ನು ಇಡಬೇಕೆಂಬ ನಿರ್ಬಂಧವಿಲ್ಲದೆ ಬ್ಯಾಂಕಿನಲ್ಲಿ ಖಾತೆ ತೆರೆಯುವುದು ಬಡವರಿಗೆ ಸಾಧ್ಯವಾಯಿತು. ಹಣವು ಕೈಯಿಂದ ಖಾತೆಗೆ ಹೋದ ಈ ಬದಲಾವಣೆ ಸಣ್ಣದೆಂದು ತೋರಬಹುದು. ಖಾತೆಯಲ್ಲಿರುವ ಹಣಕ್ಕೆ ಒಡೆಯರಿರುತ್ತಾರೆ, ಲೆಕ್ಕವಿರುತ್ತದೆ, ಅದು ಮರುದಿನಕ್ಕೂ ಉಳಿಯುತ್ತದೆ.

ನಾಗಮಂಗಲದ ಕಡೆಯ ಒಂದು ಹಳ್ಳಿಯಲ್ಲಿ ಕಣ್ಣು ಕಾಣದ ಒಬ್ಬ ತರುಣಿ ಇದ್ದಾಳೆಂದು ಭಾವಿಸೋಣ. ತನ್ನ ಹೆಸರಿನಲ್ಲಿ ತಾನೇ ನಡೆಸುವ ಖಾತೆ ಬೇಕೆಂದು ಆಕೆ ಕೇಳುತ್ತಾಳೆ. “ನಾನಿರೋ ತನಕ ನಿನಗ್ಯಾಕವ್ವ ಪಾಸುಬುಕ್ಕು?” ಎನ್ನುತ್ತಾನೆ ತಂದೆ. “ನೀನಿಲ್ಲದ ಕಾಲಕ್ಕೆ ಕಣಪ್ಪ” ಎಂಬುದು ಅವಳ ಉತ್ತರ. ತಂದೆಗೆ ಮಗಳ ಮೇಲೆ ಮಮತೆ ಇಲ್ಲವೆಂದಲ್ಲ. ಮಮತೆಯುಳ್ಳ ತಂದೆತಾಯಿಗಳನ್ನೇ ರಾತ್ರಿಯ ವೇಳೆ ಎಚ್ಚರವಾಗಿರಿಸುವ ಚಿಂತೆ ಇದು: ತಮ್ಮ ನಂತರ ಈ ಮಗುವಿನ ಗತಿ ಏನು?

ಇಂಥವಳು ಬ್ಯಾಂಕಿಗೆ ಹೋದರೆ ಏನಾಗುತ್ತಿತ್ತು? ಕಣ್ಣು ಕಾಣದವರಿಗೆ ಚೆಕ್ಕುಪುಸ್ತಕ, ಎ.ಟಿ.ಎಂ. ಕಾರ್ಡು, ಲಾಕರು ಕೊಡಲು ಬ್ಯಾಂಕುಗಳು ಬಹುಕಾಲ ಹಿಂಜರಿದವು. ಯಾರಾದರೂ ಮೋಸ ಮಾಡಿಯಾರು ಎಂಬುದು ಅವರು ಹೇಳುತ್ತಿದ್ದ ಕಾರಣ. ಮೋಸಕ್ಕೆ ಒಳಗಾಗಬಹುದಾದವರನ್ನು ರಕ್ಷಿಸುವ ಬದಲು ಹೊರಗಿಟ್ಟುಬಿಡುವ ಈ ನ್ಯಾಯ ವಿಚಿತ್ರವಾದುದು. ಕಣ್ಣುಳ್ಳವರೂ ಪ್ರತಿದಿನ ಮೋಸಹೋಗುತ್ತಿದ್ದಾರೆ. ಈ ಸಂಗತಿ ವಿಕಲಚೇತನರ ಮುಖ್ಯ ಆಯುಕ್ತರ ಮುಂದೆ ಬಂದು, 2005ರ ಸೆಪ್ಟೆಂಬರ್ 5ರಂದು ಆಜ್ಞೆಯಾಯಿತು. ಅದನ್ನು ಅನುಸರಿಸಿ ಭಾರತೀಯ ರಿಸರ್ವ್ ಬ್ಯಾಂಕು 2008ರ ಜೂನ್ 4ರಂದು ಎಲ್ಲ ಬ್ಯಾಂಕುಗಳಿಗೂ ಸುತ್ತೋಲೆ ಕಳುಹಿಸಿತು. ಕಣ್ಣು ಕಾಣದವರು ಕರಾರು ಮಾಡಿಕೊಳ್ಳಲು ಕಾನೂನಿನ ದೃಷ್ಟಿಯಲ್ಲಿ ಅರ್ಹರು. ಆದುದರಿಂದ ಚೆಕ್ಕುಪುಸ್ತಕ, ಎ.ಟಿ.ಎಂ., ಲಾಕರು ಮೊದಲಾದ ಎಲ್ಲ ಸೌಕರ್ಯಗಳನ್ನೂ ಅವರಿಗೆ ಭೇದವಿಲ್ಲದೆ ಕೊಡತಕ್ಕದ್ದು ಎಂಬುದು ಅದರ ತಾತ್ಪರ್ಯ. ಮರುವರ್ಷ, ಹೊಸದಾಗಿ ಇಡುವ ಎ.ಟಿ.ಎಂ.ಗಳಲ್ಲಿ ಕಡೆಯ ಪಕ್ಷ ಮೂರರಲ್ಲೊಂದಾದರೂ ಬ್ರೈಲ್ ಗುಂಡಿಗಳುಳ್ಳ, ಮಾತನಾಡುವ ಯಂತ್ರವಾಗಿರಬೇಕೆಂದು ಸೂಚನೆ ಬಂದಿತು.

ಕೈಯೇ ಇಲ್ಲದವರು ಹೆಬ್ಬೆಟ್ಟು ಒತ್ತುವುದು ಹೇಗೆ ಎಂದು ನೀವು ಕೇಳಬಹುದು. ನಿಯಮದಲ್ಲಿ ಅದಕ್ಕೂ ದಾರಿಯಿದೆ. ಕಾಲಿನ ಬೆರಳಿನ ಗುರುತನ್ನು ಒತ್ತಬಹುದು. ಅದೂ ಆಗದಿದ್ದರೆ ಒಂದು ಗೆರೆ ಎಳೆದರೂ ಆದೀತು. ಇಬ್ಬರು ಸಾಕ್ಷಿಗಳು ಮಾತ್ರ ಇರಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುಳ್ಳ ಅಧಿಕಾರಿಯಾಗಿರಬೇಕು.

ಬುದ್ಧಿಯ ಬೆಳವಣಿಗೆಯಲ್ಲಿ ಹಿಂದುಳಿದವರ ವಿಷಯ ಇದಕ್ಕಿಂತ ತೊಡಕಿನದು. ಅವರ ಪರವಾಗಿ ಸಹಿ ಹಾಕುವವರು ಬೇಕು, ಆದರೆ ಸಹಿ ಹಾಕುವವನೇ ಹಣ ನುಂಗಿದರೆ? 1999ರ ರಾಷ್ಟ್ರೀಯ ನ್ಯಾಸದ ಕಾಯಿದೆಯು ಸ್ವಲೀನತೆ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ ಮತ್ತು ಬಹುವಿಧ ವೈಕಲ್ಯ ಉಳ್ಳವರಿಗಾಗಿ ಆದುದು. ಇದರಂತೆ ಜಿಲ್ಲೆಯಲ್ಲಿ ಒಂದು ಸ್ಥಳೀಯ ಸಮಿತಿ ಇರುತ್ತದೆ. ಜಿಲ್ಲಾಧಿಕಾರಿಗಳು, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನರು ಅದರಲ್ಲಿರುತ್ತಾರೆ. ಪೋಷಕನನ್ನು ನೇಮಿಸುವುದು ಈ ಸಮಿತಿ. ಸಮಿತಿ ಕೊಟ್ಟ ಪ್ರಮಾಣಪತ್ರವನ್ನು ತೋರಿಸಿ ಪೋಷಕನು ಬ್ಯಾಂಕಿನಲ್ಲಿ ಖಾತೆಯನ್ನು ನಡೆಸಬಹುದು. ನೇಮಕವಾದ ಆರು ತಿಂಗಳೊಳಗೆ ಅವನು ತನ್ನ ವಶಕ್ಕೆ ಬಂದ ಆಸ್ತಿಯ ಪಟ್ಟಿಯನ್ನು ಒಪ್ಪಿಸಬೇಕು. ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಜಮಾಖರ್ಚಿನ ಲೆಕ್ಕ ಕೊಡಬೇಕು. ಅವನು ಚಿಕ್ಕಪ್ಪನಾಗಲಿ, ಸೋದರಮಾವನಾಗಲಿ, ಲೆಕ್ಕದಿಂದ ಬಿಡುಗಡೆಯಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಮತ್ತೊಂದು ಹೆಜ್ಜೆ ಮುಂದೆ ಹೋಯಿತು. ಆಸ್ತಿ ಹೊಂದಲು, ಹಣಕಾಸನ್ನು ನಿರ್ವಹಿಸಲು, ಬ್ಯಾಂಕಿನಿಂದ ಸಾಲ ಪಡೆಯಲು ಎಲ್ಲರಿಗಿರುವ ಹಕ್ಕೇ ವಿಕಲಚೇತನರಿಗೂ ಇದೆಯೆಂದು ಅದು ಹೇಳಿತು. ನೆರವು ನೀಡುವವನ ಲಾಭಕ್ಕೂ ನೆರವು ಪಡೆಯುವವರ ಹಿತಕ್ಕೂ ಘರ್ಷಣೆ ಬಂದಾಗ, ಆ ವ್ಯವಹಾರದಿಂದ ಅವನು ಹಿಂದೆ ಸರಿಯಬೇಕೆಂದೂ ವಿಧಿಸಿತು.

ಹೊರದೇಶಗಳಲ್ಲಿ ಸರ್ಕಾರವೇ ಇಂಥ ಉಳಿತಾಯಕ್ಕೆ ಕೈಗೂಡಿಸಿರುವುದುಂಟು. ಕೆನಡಾ ದೇಶದಲ್ಲಿ 2008ರಿಂದ ವಿಕಲಚೇತನರಿಗೆ ಪ್ರತ್ಯೇಕ ಉಳಿತಾಯ ಯೋಜನೆಯಿದೆ. ಕುಟುಂಬದವರು ಇಟ್ಟ ಹಣಕ್ಕೆ ಅವರ ವರಮಾನವನ್ನು ನೋಡಿ, ಕೆಲವು ವೇಳೆ ಮೂರರಷ್ಟು ಹಣವನ್ನು ಸರ್ಕಾರವು ಸೇರಿಸುತ್ತದೆ. ಅಮೆರಿಕದ ಕಥೆ ಬೇರೆ. ಅಲ್ಲಿ ಒಂದು ಮುಖ್ಯ ಸಹಾಯಧನವನ್ನು ಪಡೆಯುವವನ ಬಳಿ ಎರಡು ಸಾವಿರ ಡಾಲರಿಗಿಂತ ಹೆಚ್ಚು ಆಸ್ತಿ ಇರಕೂಡದು. ಕೂಡಿಟ್ಟರೆ ಸಹಾಯ ನಿಲ್ಲುತ್ತದೆ. ಕೂಡಿಡದಿದ್ದರೆ ಬಡತನ ನಿಲ್ಲುವುದಿಲ್ಲ. ಈ ಇಕ್ಕಟ್ಟನ್ನು ಸಡಿಲಿಸಲು 2014ರಲ್ಲಿ ಅಲ್ಲಿ ಒಂದು ಕಾನೂನು ಬಂದಿತು. ಅದರಂತೆ ತೆರೆದ ವಿಶೇಷ ಖಾತೆಯಲ್ಲಿನ ಮೊದಲ ಒಂದು ಲಕ್ಷ ಡಾಲರುಗಳನ್ನು ಆ ಸಹಾಯಧನಕ್ಕಾಗಿ ಆಸ್ತಿಯೆಂದು ಎಣಿಸುವುದಿಲ್ಲ.

ನಮ್ಮ ಅಂಚೆಕಚೇರಿಯಲ್ಲಿ ಹೆಣ್ಣುಮಕ್ಕಳಿಗಾಗಿ 2015ರಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಬಂದಿತು. ವಿಕಲಚೇತನರಿಗೆಂದೇ ಮೀಸಲಾದ ಖಾತೆ ಅಲ್ಲಿನ ಪಟ್ಟಿಯಲ್ಲಿ ಇಲ್ಲ. ಇರಬೇಕಾಗಿತ್ತೆಂದು ಈ ಲೇಖಕನ ಅಭಿಪ್ರಾಯ. ಇದ್ದುದರಲ್ಲಿಯೇ ಆ ತರುಣಿಯು ಏನು ಮಾಡಬಹುದೆಂಬುದನ್ನು ನೋಡೋಣ. ಮಾಸಾಶನದಲ್ಲಿ ತಿಂಗಳಿಗೆ ನೂರು ರೂಪಾಯಿಯನ್ನು ಆರ್.ಡಿ. ಖಾತೆಗೆ ಕಟ್ಟಿದಳೆನ್ನೋಣ. ಐದು ವರ್ಷಗಳಲ್ಲಿ ಅವಳು ಕಟ್ಟಿದ ಹಣ ಆರು ಸಾವಿರ ರೂಪಾಯಿ. 2023ರ ಅಕ್ಟೋಬರಿನಲ್ಲಿ ಗೊತ್ತುಮಾಡಿದ ಶೇಕಡ 6.7ರ ಬಡ್ಡಿಯಲ್ಲಿ ಅದು ಸುಮಾರು 7,136 ರೂಪಾಯಿಯಾಗುತ್ತದೆ. ನವಕೋಟಿಯ ಮುಂದೆ ಇದು ಎಷ್ಟರ ಹಣ? ಆದರೂ ಒಂದು ಹೊಲಿಗೆಯ ಯಂತ್ರಕ್ಕೆ, ಒಂದೆರಡು ಕುರಿಮರಿಗೆ ಮುಂಗಡವಾದೀತು. ಯಾರನ್ನೂ ಕೇಳದೆ ಕೊಡಬಹುದಾದ ಮುಂಗಡ.

ಅರ್ಜಿ ತುಂಬಲು ಅವಳಿಗೆ ನೆರವಾಗುವವರು ಊರಿನಲ್ಲಿಯೇ ಇದ್ದಾರೆ. ಗ್ರಾಮಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರು ಕೆಲಸ ಮಾಡುತ್ತಾರೆ, ಅವರೂ ವಿಕಲಚೇತನರೇ. ಹತ್ತು ವರ್ಷ ತುಂಬಿದ ಬಾಲಕ ಬಾಲಕಿಯರು ಅಂಚೆಕಚೇರಿಯಲ್ಲಿ ತಮ್ಮ ಖಾತೆಯನ್ನು ತಾವೇ ನಡೆಸಬಹುದಾದುದರಿಂದ, ಆ ಅರ್ಜಿಯ ನಮೂನೆಯನ್ನು ನಿಮ್ಮಲ್ಲಿ ಕೆಲವರು ಈಗಾಗಲೇ ಕಂಡಿರಬಹುದು.

ಇನ್ನು ಅಂಚೆಯವನ ವಿಚಾರ. 2018ರ ಸೆಪ್ಟೆಂಬರ್ 1ರಂದು ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕು ದೇಶಾದ್ಯಂತ ಆರಂಭವಾದ ಮೇಲೆ ಅವನ ಚೀಲದಲ್ಲಿ ಕಾಗದಗಳ ಜೊತೆಗೆ ಒಂದು ಸಣ್ಣ ಯಂತ್ರವೂ ಬಂದಿದೆ. ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಾನೆ. ತರುಣಿಯು ಹೊರಗೆ ಬಂದು ಯಂತ್ರದ ಮೇಲೆ ಬೆರಳಿಡುತ್ತಾಳೆ. ಹಣ ತೆಗೆದುಕೊಳ್ಳುವ ಮೊದಲು, “ಎಷ್ಟು ಉಳಿದದೆ ಹೇಳಣ್ಣ” ಎಂದು ಕೇಳುತ್ತಾಳೆ. ಅವನು ಓದಿ ಹೇಳುತ್ತಾನೆ. ಜಗಲಿಯ ಮೇಲೆ ಕುಳಿತ ತಂದೆಗೂ ಅದು ಕೇಳಿಸುತ್ತದೆ.