ದೊಡ್ಡ ಮೈಯವರಿಗೆ ಕಬಡ್ಡಿ ಅಂಕಣದಲ್ಲಿ ಜಾಗ ಎಲ್ಲಿ?

ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬಂದರೆ ಶಾಲೆಯ ಗೇಟಿನ ಬಳಿ ನಿಂತು ಒಬ್ಬರಾದರೂ ಅಪ್ಪ ಕೇಳುತ್ತಾರೆ: "ಸಾರ್, ನಮ್ಮ ಹುಡುಗ ವಯಸ್ಸಿಗೆ ಮೀರಿ ಬೆಳೆದುಬಿಟ್ಟಿದ್ದಾನೆ. ಕಬಡ್ಡಿಗೆ ಆಗ್ತಾನಾ?" ಕಸಬಾ, ಐಮಂಗಲ, ಜವನಗೊಂಡನಹಳ್ಳಿ, ಧರ್ಮಪುರ, ಹೀಗೆ ಹಿರಿಯೂರು ತಾಲ್ಲೂಕಿನ ಎಲ್ಲ ಹೋಬಳಿಗಳ ಮಕ್ಕಳಿಗೂ ಕಬಡ್ಡಿ ಹೇಳಿಕೊಟ್ಟ ದೈಹಿಕ ಶಿಕ್ಷಕ ನಾನು. ಆಗ್ತಾನೆ ಅಂತಲೇ ಹೇಳುತ್ತೇನೆ. ಆದರೆ ಹೇಗೆ, ಎಲ್ಲಿ, ಎಷ್ಟು ದಿನ ಅನ್ನುವುದನ್ನು ಅವನನ್ನು ಆಡಿಸುವವರು ತಿಳಿದಿರಬೇಕು. ಎತ್ತರದ, ತೂಕದ ಮಕ್ಕಳ ಜೊತೆ ಕೆಲಸ ಮಾಡಿ ನಾನು ಕಲಿತದ್ದನ್ನು ಹೊಸದಾಗಿ ಸೇವೆಗೆ ಬಂದಿರುವ ಶಿಕ್ಷಕರಿಗಾಗಿ ಬರೆದಿಡುತ್ತಿದ್ದೇನೆ.

1. ಮೊದಲು ಕಾಲು ನೋಡಿ

ದೊಡ್ಡ ಹುಡುಗ ಮೈದಾನಕ್ಕೆ ಬಂದ ಕೂಡಲೇ ಎಲ್ಲರ ಕಣ್ಣು ಅವನ ಹೆಗಲ ಮೇಲೆ ಬೀಳುತ್ತದೆ. ನಾನು ಅವನನ್ನು ಬೋರಲು ಮಲಗಿಸಿ ಸೀಟಿ ಊದುತ್ತೇನೆ. ಎದ್ದು ನಿಲ್ಲಲು ಎಷ್ಟು ಹೊತ್ತು ತೆಗೆದುಕೊಂಡ, ಏಳುವಾಗ ಮಂಡಿಯ ಮೇಲೆ ಕೈಯೂರಿದನೇ, ಎದ್ದ ಮೇಲೆ ಮೊದಲ ಹೆಜ್ಜೆ ಯಾವ ಕಡೆ ಇಟ್ಟ ಎಂದು ನೋಡುತ್ತೇನೆ. ಆಮೇಲೆ ಹಿಮ್ಮಡಿ ನೆಲಕ್ಕೆ ಊರಿ ಕುಕ್ಕರುಗಾಲಲ್ಲಿ ಕೂರಿಸುತ್ತೇನೆ. ಹಿಮ್ಮಡಿ ಮೇಲೆದ್ದರೆ ಕಣಕಾಲು ಬಿಗಿಯಾಗಿದೆ ಎಂದರ್ಥ. ಅಂಥವನು ಬಗ್ಗಿ ಕಾಲು ಹಿಡಿಯಲು ಹೋದರೆ ಮುಂದಕ್ಕೆ ಮುಗ್ಗರಿಸುತ್ತಾನೆ. ಕಣಕಾಲನ್ನು ಸಡಿಲ ಮಾಡಬಹುದು. ದಿನಾ ಸ್ವಲ್ಪ ಸ್ವಲ್ಪ ಮಾಡಿಸುತ್ತ ಹೋದರೆ ಒಂದು ಶೈಕ್ಷಣಿಕ ವರ್ಷದಲ್ಲಿ ಗುರುತು ಸಿಗದಷ್ಟು ಬದಲಾಗುತ್ತದೆ.

ದೇಹ ಬೆಳೆಯುವ ಲೆಕ್ಕವೇ ದೊಡ್ಡವರಿಗೆ ಸ್ವಲ್ಪ ಪ್ರತಿಕೂಲ. ಎತ್ತರ ಹೆಚ್ಚಿದಷ್ಟೂ ತೂಕ ಘನದ ಪ್ರಮಾಣದಲ್ಲಿ ಏರುತ್ತದೆ, ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣದ ಪ್ರಮಾಣದಲ್ಲಿ ಮಾತ್ರ ಏರುತ್ತದೆ. ತನ್ನ ಮೈಯನ್ನೇ ಎತ್ತಿ ತಿರುಗಿಸಲು ದೊಡ್ಡ ಹುಡುಗನಿಗೆ ಚಿಕ್ಕವನಿಗಿಂತ ಹೆಚ್ಚು ಅಭ್ಯಾಸ ಬೇಕಾಗುವುದು ಇದೇ ಕಾರಣಕ್ಕೆ. ಅವನು ಸೋಮಾರಿ ಅಲ್ಲ. ಈ ಮಾತನ್ನು ನಾನು ಎಷ್ಟೋ ಸ್ಟಾಫ್ ರೂಮುಗಳಲ್ಲಿ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

2. ಮೈ ದೊಡ್ಡದಾದರೆ ಅಂಕಣ ತುಂಬುವುದಿಲ್ಲ

ಒಬ್ಬ ಹುಡುಗ ಫೋನಿನಲ್ಲಿ ಐಸ್ ಹಾಕಿ ನೋಡಿಕೊಂಡು ಬಂದು ಕೇಳಿದ: "ಸಾರ್, ಸುಮೊ ಪೈಲ್ವಾನನ್ನ ಗೋಲಿನಲ್ಲಿ ನಿಲ್ಲಿಸಿಬಿಟ್ರೆ ಯಾರೂ ಗೋಲ್ ಹೊಡೆಯೋಕೆ ಆಗಲ್ಲ ಅಲ್ವಾ?" ಒಳ್ಳೆಯ ಪ್ರಶ್ನೆ. ಕಪ್ಪು ಹಲಗೆಯ ಮೇಲೆ ಬರೆದೇ ಉತ್ತರ ಕೊಟ್ಟೆ. ಐಸ್ ಹಾಕಿಯ ಗೋಲು 6 ಅಡಿ ಅಗಲ, 4 ಅಡಿ ಎತ್ತರ. ಪಕ್ ಎಂಬ ರಬ್ಬರ್ ಬಿಲ್ಲೆಯ ಅಡ್ಡಳತೆ 3 ಅಂಗುಲ. ಎಂಥ ದೇಹ ನಿಂತರೂ ಎರಡು ಬದಿಯಲ್ಲಿ, ಕಾಲ ಸಂದಿಯಲ್ಲಿ 3 ಅಂಗುಲ ತೂರುವ ಜಾಗ ಉಳಿದೇ ಉಳಿಯುತ್ತದೆ. ಎದುರಾಳಿ ಪಕ್ಕನ್ನು ಎಡದಿಂದ ಬಲಕ್ಕೆ ತಳ್ಳಿದರೆ ಗೋಲ್‌ಕೀಪರ್ ಕೂಡ ಅಷ್ಟೇ ಬೇಗ ಸರಿಯಬೇಕು. ನಿಂತ ಗೋಡೆಗೆ ಸರಿಯಲು ಬರುವುದಿಲ್ಲ.

ಕಬಡ್ಡಿಯಲ್ಲೂ ಇದೇ ಆಗುತ್ತದೆ. ದಢೂತಿ ಹುಡುಗ ಸಿಕ್ಕಿದ ಎಂದು ಅವನನ್ನು ಮಧ್ಯದಲ್ಲಿ ಕಂಬದ ಹಾಗೆ ನಿಲ್ಲಿಸಿಬಿಡುತ್ತಾರೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ತಂಡದ ಪಾಲಿಗೆ ಆರೂವರೆ ಮೀಟರ್ ಆಳ. ಅಷ್ಟು ಜಾಗದಲ್ಲಿ ರೈಡರ್‌ಗೆ 30 ಸೆಕೆಂಡ್ ಇರುತ್ತದೆ. ಕಂಬದ ಸುತ್ತ ತಿರುಗಿ, ಕಾಲ್ಬೆರಳಿನಿಂದ ಮುಟ್ಟಿ, ಅವನು ಪಾಯಿಂಟ್ ತೆಗೆದುಕೊಂಡು ಹೋಗುತ್ತಾನೆ.

ಹಾಗಂತ ಆ ಹುಡುಗನ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. ಐಸ್ ಹಾಕಿಯಲ್ಲಿ ದೈತ್ಯರು ಗೆದ್ದೇ ಇಲ್ಲವೇ ಅಂದ. ಗೆದ್ದಿದ್ದಾರೆ. ಸ್ಲೊವಾಕಿಯಾದ ಜ್ಡೆನೊ ಖಾರಾ 6 ಅಡಿ 9 ಅಂಗುಲದ ಆಳು. ಅವರ ತಂದೆ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಕುಸ್ತಿಪಟು. ಖಾರಾ 2011ರಲ್ಲಿ ಬೋಸ್ಟನ್ ತಂಡದ ನಾಯಕರಾಗಿ ಸ್ಟಾನ್ಲಿ ಕಪ್ ಗೆದ್ದರು. ಅಮೆರಿಕ, ಕೆನಡಾಗಳ ಎನ್‌ಎಚ್‌ಎಲ್ ಲೀಗಿನಲ್ಲಿ 1,680 ಪಂದ್ಯ ಆಡಿ ನಲವತ್ತು ದಾಟಿದ ಮೇಲೆ ನಿವೃತ್ತರಾದರು. ಅಷ್ಟೆತ್ತರದ ದೇಹವನ್ನು ಸ್ಕೇಟಿನ ಕಿರಿದಾದ ಅಲಗಿನ ಮೇಲೆ ಹಿಂದಕ್ಕೂ ಪಕ್ಕಕ್ಕೂ ಓಡಿಸಲು ಕಲಿತಿದ್ದರಿಂದಲೇ ಅವರ ಉದ್ದ ತೋಳು, ಉದ್ದ ಕೋಲು ಉಪಯೋಗಕ್ಕೆ ಬಂದವು.

3. ತೋಳನ್ನು ಅಳೆಯಿರಿ

ತೂಕವನ್ನು ಎಲ್ಲರೂ ಅಳೆಯುತ್ತಾರೆ, ತೋಳನ್ನು ಅಳೆಯುವವರು ಕಡಿಮೆ. ದೊಡ್ಡ ಮೈಯ ನಿಜವಾದ ಲಾಭ ಇರುವುದು ಅಲ್ಲೇ. ಮಧ್ಯದ ಗೆರೆಯಿಂದ ಬಾಕ್ ಲೈನಿಗೆ 3.75 ಮೀಟರ್ ದೂರ. ಬಾಕ್ ಲೈನಿನ ಹತ್ತಿರ ರೈಡರ್‌ನ ಕಾಲು ಹಿಡಿದರು, ಅವನು ಮಧ್ಯದ ಗೆರೆಯ ಕಡೆಗೆ ಮುಖ ಮಾಡಿ ಬಿದ್ದ ಅಂದುಕೊಳ್ಳಿ. ಐದೂಕಾಲು ಅಡಿಯ ಹುಡುಗ ಕೈ ಚಾಚಿ ಮಲಗಿದರೆ ಕಾಲಿನಿಂದ ಬೆರಳ ತುದಿಯವರೆಗೆ ಸುಮಾರು ಎರಡು ಮೀಟರ್. ಅವನು ಇನ್ನೂ ಒಂದೂಮುಕ್ಕಾಲು ಮೀಟರ್ ಎಳೆದುಕೊಂಡು ಹೋಗಬೇಕು. ಆರೂಕಾಲು ಅಡಿಯ ಹುಡುಗನಿಗೆ ಚಾಚಿದ ಅಳತೆಯೇ ಎರಡೂವರೆ ಮೀಟರ್ ಹತ್ತಿರ ಬರುತ್ತದೆ, ಉಳಿಯುವುದು ಒಂದೂಕಾಲು ಮೀಟರ್. ಆ ಅರ್ಧ ಮೀಟರಿನಲ್ಲಿ ಪಂದ್ಯಗಳು ತೀರ್ಮಾನವಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆದ್ದರಿಂದ ಉದ್ದನೆಯ ಹುಡುಗನಿಗೆ ಕ್ಯಾಚ್ ಒಂದನ್ನೇ ಹೇಳಿಕೊಟ್ಟು ಕೂರಿಸಬೇಡಿ. ರೈಡ್ ಮಾಡಿಸಿ. ಬಿದ್ದಾಗ ಮಧ್ಯದ ಗೆರೆ ಯಾವ ದಿಕ್ಕಿಗಿದೆ ಎಂಬುದು ಅವನ ಮೈಗೆ ಗೊತ್ತಿರಬೇಕು. ಕಣ್ಣಿಗೆ ಟವೆಲ್ ಕಟ್ಟಿ, ಎರಡು ಸುತ್ತು ತಿರುಗಿಸಿ, ಬೀಳಿಸಿ, ಗೆರೆ ಮುಟ್ಟು ಎನ್ನುತ್ತೇನೆ. ಹುಡುಗರಿಗೆ ಇದು ಆಟದೊಳಗಿನ ಆಟ.

4. ಕೆಳಗೆ ಇಳಿಯುವುದನ್ನು ಕಲಿಸಿ

ಎತ್ತರದವರ ದೊಡ್ಡ ತೊಂದರೆ ಕೈ ಮೇಲಿರುವುದು. ಚೈನ್ ಕಟ್ಟಿದಾಗ ಎತ್ತರದ ಹುಡುಗ ಜೊತೆಯವನ ಕೈ ಹಿಡಿದು ನೇರವಾಗಿ ನಿಲ್ಲುತ್ತಾನೆ. ಆ ಕೈಗಳ ಅಡಿಯಲ್ಲಿ ಬಾಗಿಲಷ್ಟು ಸಂದಿ. ರೈಡರ್ ಪರದೀಪ್ ನರ್ವಾಲ್ ಅವರ ಬಗ್ಗಿ ನುಗ್ಗುವ ಡುಬ್ಕಿ ನೋಡಿದವರಿಗೆ ಆ ಸಂದಿಯ ಬೆಲೆ ಗೊತ್ತು. 2017ರ ಪ್ರೊ ಕಬಡ್ಡಿಯಲ್ಲಿ ಪಟ್ನಾ ಪೈರೇಟ್ಸ್ ಪರ ಅವರು ಒಂದೇ ಪಂದ್ಯದಲ್ಲಿ 34 ರೈಡ್ ಪಾಯಿಂಟ್ ತೆಗೆದರು. ಅವರು ನುಗ್ಗುತ್ತಿದ್ದುದು ಹೆಚ್ಚಾಗಿ ಎದುರಾಳಿಯ ಸೊಂಟದ ಕೆಳಗೆ.

ಎದುರು ಉದಾಹರಣೆಯೂ ಇದೆ. ಭಾರತದ ಪುರುಷರು ಏಷ್ಯನ್ ಕ್ರೀಡಾಕೂಟದಲ್ಲಿ 1990ರಿಂದ ಸತತ ಏಳು ಚಿನ್ನ ಗೆದ್ದಿದ್ದರು. 2018ರಲ್ಲಿ ಜಕಾರ್ತಾದ ಸೆಮಿಫೈನಲ್‌ನಲ್ಲಿ ಇರಾನ್ 27–18ರಿಂದ ನಮ್ಮನ್ನು ಸೋಲಿಸಿತು. ಫಾಜಲ್ ಅತ್ರಾಚಲಿ ಮತ್ತು ಅವರ ಜೊತೆಗಾರರು ಗಟ್ಟಿ ಆಳುಗಳು, ಕುಸ್ತಿ ಬೇರೂರಿದ ನಾಡಿನವರು. ಆ ಪಂದ್ಯವನ್ನು ಮಕ್ಕಳಿಗೆ ತೋರಿಸುವಾಗ ನಾನು ಹೇಳುವುದು ಇಷ್ಟೇ: ಅವರ ಮಂಡಿ ನೋಡ್ರೋ, ಅಷ್ಟು ದೊಡ್ಡ ಆಳು ಹೆಂಗೆ ಮಡಚಿ ನಿಂತಿದಾನೆ ನೋಡ್ರೋ. ಗಟ್ಟಿ ಮೈ ಕೆಳಗಿಳಿದು ಕಾಲು ಹಿಡಿದರೆ ಬಿಡಿಸಿಕೊಳ್ಳುವುದು ಕಷ್ಟ.

ನನ್ನ ಕ್ರಮ ಹೀಗೆ: ದೊಡ್ಡವನಿಗೆ ಮೊದಲ ವರ್ಷ ಕವರ್ ಜಾಗ, ಡ್ಯಾಶ್ ಮತ್ತು ಬ್ಲಾಕ್. ಎರಡನೇ ವರ್ಷ ಕಾರ್ನರ್, ಆಂಕಲ್ ಹೋಲ್ಡ್. ನೇರವಾಗಿ ಕಾರ್ನರ್‌ಗೆ ಹಾಕಿದರೆ ತಡವಾಗಿ ಹಾರುತ್ತಾನೆ, ಎದೆ ಮೇಲೆ ಬೀಳುತ್ತಾನೆ, ಹೆದರುತ್ತಾನೆ.

5. ನೆಲ ಮೆತ್ತಗಿರಲಿ

ನಮ್ಮದು ಮಳೆ ಕಡಿಮೆ ಬೀಳುವ ಸೀಮೆ. ಬೇಸಿಗೆಯಲ್ಲಿ ಎರೆಭೂಮಿ ಬಿರುಕು ಬಿಟ್ಟು ಕಲ್ಲಾಗುತ್ತದೆ. ನಲವತ್ತು ಕೆ.ಜಿ. ಹುಡುಗ ಬಿದ್ದರೆ ತರಚುತ್ತದೆ, ಎಂಬತ್ತರವನು ಬಿದ್ದರೆ ಮಂಡಿ ಹೋಗುತ್ತದೆ. ಜಪಾನಿನ ಸುಮೊದಲ್ಲಿ ಯೊಕೊಜುನಾ ಎಂಬ ಅತ್ಯುನ್ನತ ಪದವಿಗೇರಿದ ಮೊದಲ ವಿದೇಶಿ ಮೂಲದವರು ಅಕೆಬೊನೊ. 203 ಸೆಂ.ಮೀ. ಎತ್ತರ, 230 ಕೆ.ಜಿ. ದಾಟಿದ ತೂಕ. ಉದ್ದ ತೋಳಿನಿಂದ ತಳ್ಳಿಯೇ ಗೆಲ್ಲುತ್ತಿದ್ದ ಅವರನ್ನು ಕಾಡಿದ್ದು ಮಂಡಿಗಳು. 2001ರಲ್ಲಿ ಅಖಾಡ ಬಿಟ್ಟರು. ಆದ್ದರಿಂದ ಮ್ಯಾಟ್ ಇಲ್ಲದ ಶಾಲೆ ಅಂಕಣ ಅಗೆದು, ಕಲ್ಲು ಆರಿಸಿ, ಜರಡಿ ಹಿಡಿದ ಮಣ್ಣು ಹಾಕಿ, ಸಂಜೆ ಆಟಕ್ಕೆ ಮುಂಚೆ ನೀರು ಹೊಡೆಯಬೇಕು. ಇಷ್ಟನ್ನು ಯಾವ ಶಾಲೆಯೂ ಮಾಡಬಹುದು.

6. ತಕ್ಕಡಿಗಾಗಿ ಮಗುವನ್ನು ಉಪವಾಸ ಕೆಡವಬೇಡಿ

ಈ ಪಾಠಕ್ಕಾಗಿಯೇ ಉಳಿದದ್ದನ್ನೆಲ್ಲ ಬರೆದೆ ಎಂದರೂ ಸರಿ.

ಐಸ್ ಹಾಕಿಯಲ್ಲಿ ತೂಕದ ಮಿತಿ ಇಲ್ಲ, ಕಬಡ್ಡಿಯಲ್ಲಿದೆ. ರಾಷ್ಟ್ರೀಯ ಮಟ್ಟದಲ್ಲಿ ಪುರುಷರಿಗೆ 85 ಕೆ.ಜಿ., ಮಹಿಳೆಯರಿಗೆ 75. ಜೂನಿಯರ್ ಹುಡುಗರಿಗೆ 70, ಹುಡುಗಿಯರಿಗೆ 65. ಸಬ್ ಜೂನಿಯರ್‌ಗೆ 55. ಊರೂರಿನ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲೂ 55 ಕೆ.ಜಿ., 60 ಕೆ.ಜಿ. ವಿಭಾಗಗಳಿರುತ್ತವೆ, ನಗದು ಬಹುಮಾನ ಇರುತ್ತದೆ. ಮಿತಿ ಇರುವುದು ಒಳ್ಳೆಯದೇ, ಚಿಕ್ಕವರ ಮೂಳೆ ಉಳಿಯುತ್ತದೆ. ಕೆಟ್ಟದ್ದು ಆ ಮಿತಿಯ ಹಿಂದಿನ ವಾರದಲ್ಲಿ ನಡೆಯುತ್ತದೆ. ಐವತ್ತೆಂಟು ಕೆ.ಜಿ. ಇರುವ ಹುಡುಗನನ್ನು ಐವತ್ತೈದಕ್ಕೆ ಇಳಿಸಲು ರಾತ್ರಿ ಮುದ್ದೆ ಬಿಡಿಸುತ್ತಾರೆ, ಬೆಳಗಿನಿಂದ ನೀರು ಕೊಡುವುದಿಲ್ಲ, ಎರಡು ಜರ್ಸಿಯ ಮೇಲೆ ರೈನ್‌ಕೋಟ್ ಹಾಕಿಸಿ ಬಿಸಿಲಲ್ಲಿ ಓಡಿಸುತ್ತಾರೆ. ತೂಕಕ್ಕೆ ನಿಲ್ಲುವ ಮುಂಚೆ ಉಗುಳಿಸುವುದನ್ನೂ ನೋಡಿದ್ದೇನೆ. ತುಟಿ ಒಣಗಿದ ಆ ಹುಡುಗ ತಕ್ಕಡಿಯಿಂದ ಇಳಿದು ನೇರವಾಗಿ ಅಂಕಣಕ್ಕೆ ಹೋಗುತ್ತಾನೆ.

ಇಳಿದದ್ದು ಕೊಬ್ಬಲ್ಲ, ನೀರು. ನೀರು ಕಡಿಮೆಯಾದರೆ ರಕ್ತ ಗಟ್ಟಿಯಾಗುತ್ತದೆ, ಎದೆ ಬಡಿತ ಏರುತ್ತದೆ, ಬೆವರಿನ ಮೂಲಕ ಶಾಖ ಹೊರಹೋಗುವುದು ಕಡಿಮೆಯಾಗುತ್ತದೆ. ದೊಡ್ಡ ಮೈಯಲ್ಲಿ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಕಡಿಮೆ, ಹಾಗಾಗಿ ಅದು ಚಿಕ್ಕ ಮೈಗಿಂತ ನಿಧಾನವಾಗಿ ತಣಿಯುತ್ತದೆ. ಅಮೆರಿಕದಲ್ಲಿ 1997ರ ಕೊನೆಯ ಎರಡು ತಿಂಗಳಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಸತ್ತರು. ಮೂವರೂ ರಬ್ಬರ್ ಸೂಟು, ಬಿಸಿ ಕೋಣೆ, ಬೆವರಿನ ದಾರಿ ಹಿಡಿದವರೇ. ಆ ಮೇಲೆ ಅಲ್ಲಿಯ ನಿಯಮಗಳೇ ಬದಲಾದವು. ಅದು ಬಲಿತ ಯುವಕರ ಕಥೆ. ನಮ್ಮ ಕೈಲಿರುವುದು ಬೆಳೆಯುವ ಮಕ್ಕಳು.

ನಾನು ಪಾಲಿಸುವ ನಿಯಮ: ತಿಂಗಳ ಮೊದಲ ವಾರ ತೂಕ, ಎತ್ತರ ಎರಡನ್ನೂ ಬರೆದುಕೊಳ್ಳುತ್ತೇನೆ. ಹದಿನಾಲ್ಕರ ಹುಡುಗ ಮೂರು ತಿಂಗಳಲ್ಲಿ ಎತ್ತರ ಆಗಿ ತೂಕವೂ ಏರಿದ್ದರೆ ಅವನ ವಿಭಾಗ ಬದಲಾಯಿತು, ಅಷ್ಟೆ. ಮೇಲಿನ ವಿಭಾಗದಲ್ಲಿ ಆಡಿಸುತ್ತೇನೆ, ಜಾಗ ಸಿಗದಿದ್ದರೆ ಆ ಪಂದ್ಯಾವಳಿ ಬೇಡ. ಮುದ್ದೆ, ಕಾಳು ಸಾರು, ಮೊಟ್ಟೆ, ಶೇಂಗಾ ನಿಲ್ಲಬಾರದು. ಗೆಲ್ಲಲೇಬೇಕೆಂದು ಒತ್ತಾಯ ಮಾಡುವ ಸಂಘಟಕರಿಗೂ ಊರ ಹಿರಿಯರಿಗೂ ಇದನ್ನು ನಿಂತು ಹೇಳುವುದು ದೈಹಿಕ ಶಿಕ್ಷಕನ ಕೆಲಸ. ಹೇಳಿ. ಮಗುವಿನ ತಾಯಿ ನಿಮ್ಮ ಪರ ಇರುತ್ತಾಳೆ.

7. ಜರ್ಸಿ, ಷೂ, ಹೆಸರು

ದಾನಿಗಳು ಕೊಡುವ ಜರ್ಸಿ ಸೆಟ್ಟಿನಲ್ಲಿ ದೊಡ್ಡ ಹುಡುಗನ ಅಳತೆ ಇರುವುದಿಲ್ಲ. ಹೊಟ್ಟೆಗೆ ಅಂಟಿದ ಜರ್ಸಿಯಲ್ಲಿ ಊರ ಮುಂದೆ ನಿಲ್ಲಲು ಅವನಿಗೆ ನಾಚಿಕೆ. ಅವನದನ್ನು ಮೊದಲೇ ಬೇರೆ ಹೊಲಿಸಿ. ಹನ್ನೊಂದು, ಹನ್ನೆರಡನೇ ನಂಬರಿನ ಷೂ ಊರಲ್ಲಿ ಸಿಗದಿದ್ದರೆ ದಾವಣಗೆರೆ ಕಡೆ ಹೋಗುವವರ ಕೈಲಿ ತರಿಸಿ. ಡುಮ್ಮ, ಎಮ್ಮೆ, ಲಾರಿ ಅನ್ನುವ ಹೆಸರುಗಳನ್ನು ಮೈದಾನದಲ್ಲಿ ಮೊದಲ ದಿನವೇ ನಿಲ್ಲಿಸಿ.

ಹುಡುಗಿಯರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಗಟ್ಟಿಯಾಗಿ ಬೆಳೆದ ಹುಡುಗಿಗೆ ಮನೆಯಲ್ಲೂ ಕಡಿಮೆ ತಿನ್ನು ಎನ್ನುತ್ತಾರೆ, ಮೈದಾನದಲ್ಲೂ ಅದೇ ಮಾತು ಕೇಳಿದರೆ ಅವಳು ಮತ್ತೆ ಬರುವುದಿಲ್ಲ. ನಮ್ಮ ರಾಜ್ಯದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂದಿದೆ. ಅವರ ಪಂದ್ಯಗಳನ್ನು ಹುಡುಗಿಯರಿಗೂ, ಸಾಧ್ಯವಾದರೆ ಅವರ ತಂದೆತಾಯಿಗೂ ತೋರಿಸಿ.

8. 85 ದಾಟುವವನಿಗೆ ಮೊದಲೇ ದಾರಿ ತೋರಿಸಿ

ಹದಿನಾರಕ್ಕೇ ಆರೂಕಾಲು ಅಡಿ, ಎಂಬತ್ತು ಕೆ.ಜಿ. ಇರುವ ಹುಡುಗ ಇಪ್ಪತ್ತಕ್ಕೆ 85ರೊಳಗೆ ಇರುವುದಿಲ್ಲ. ಅವನನ್ನು ಕೊನೆಯವರೆಗೂ ಕಬಡ್ಡಿಯ ಆಸೆಯಲ್ಲಿಟ್ಟು ತಕ್ಕಡಿಯ ಮುಂದೆ ಕೈಬಿಡುವುದು ಅನ್ಯಾಯ. ಪಂಜಾಬಿನ ಸರ್ಕಲ್ ಕಬಡ್ಡಿಯಲ್ಲಿ ನೂರು ಕೆ.ಜಿ. ದಾಟಿದವರು ಆಡುತ್ತಾರೆ, ನಮ್ಮ ಕಡೆ ಅದು ಇಲ್ಲ. ಇಲ್ಲಿರುವುದು ಗರಡಿ, ವೇಟ್‌ಲಿಫ್ಟಿಂಗ್, ಎಸೆತದ ಆಟಗಳು.

ನಾನು ಅಂಥವರಿಗೆ ವಿಕಾಸ್ ಗೌಡ ಅವರ ಬಗ್ಗೆ ಹೇಳುತ್ತೇನೆ. 1983ರಲ್ಲಿ ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಕನ್ನಡದ ಹುಡುಗ. ತಂದೆ ಶಿವೇಗೌಡರು ಸ್ವತಃ ಅಥ್ಲೀಟ್, ತರಬೇತುದಾರ. ಎತ್ತರ ಖಾರಾ ಅವರಷ್ಟೇ, 6 ಅಡಿ 9 ಅಂಗುಲ. ಅಷ್ಟು ದೊಡ್ಡ ದೇಹವನ್ನು ಎರಡೂವರೆ ಮೀಟರ್ ಅಡ್ಡಳತೆಯ ವೃತ್ತದೊಳಗೆ ಒಂದೂವರೆ ಸುತ್ತು ತಿರುಗಿಸಿ, ಗೆರೆ ತುಳಿಯದೆ ಡಿಸ್ಕಸ್ ಎಸೆಯುತ್ತಿದ್ದರು. 2012ರಲ್ಲಿ 66.28 ಮೀಟರ್ ಎಸೆದು ರಾಷ್ಟ್ರೀಯ ದಾಖಲೆ ಮಾಡಿದರು. ಅದೇ ವರ್ಷ ಲಂಡನ್ ಒಲಿಂಪಿಕ್ಸ್ ಫೈನಲ್ ತಲುಪಿದರು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಅವರ ಎಸೆತವನ್ನು ನಿಧಾನಗತಿಯಲ್ಲಿ ಹಾಕಿ ಮಕ್ಕಳಿಗೆ ಪಾದಗಳನ್ನಷ್ಟೇ ನೋಡಲು ಹೇಳುತ್ತೇನೆ. ಕಬಡ್ಡಿಯಲ್ಲಿ ಕಣಕಾಲು ಸಡಿಲ ಮಾಡಿಕೊಂಡು ಪಕ್ಕಕ್ಕೆ ಸರಿಯಲು ಕಲಿತ ಹುಡುಗ ಆ ವೃತ್ತಕ್ಕೆ ಬಂದಾಗ ಅರ್ಧ ಕಲಿತೇ ಬಂದಿರುತ್ತಾನೆ.

ನಮ್ಮ ತಾಲ್ಲೂಕಿನ ಹೆಚ್ಚಿನ ಪ್ರೌಢಶಾಲೆಗಳಲ್ಲಿ ಡಿಸ್ಕಸ್ ವೃತ್ತ ಎಂದರೆ ಸುಣ್ಣದಲ್ಲಿ ಎಳೆದ ಗೆರೆ. ಮಣ್ಣಿನಲ್ಲಿ ದೊಡ್ಡ ಹುಡುಗ ತಿರುಗಿದರೆ ಕಾಲು ಹೂತು ಮಂಡಿ ತಿರುಚುತ್ತದೆ. ಕಾಂಕ್ರೀಟ್ ವೃತ್ತಕ್ಕೆ ಕೆಲವು ಮೂಟೆ ಸಿಮೆಂಟು, ಜಲ್ಲಿ, ಒಬ್ಬ ಗಾರೆಯವನ ಕೂಲಿ ಸಾಕು. ಹಿಂದೆ, ಎರಡು ಪಕ್ಕದಲ್ಲಿ ಬಲೆ ಕಟ್ಟಲು ಕಬ್ಬಿಣದ ಕಂಬಗಳು ಬೇಕು. ಈ ಸಲದ ಎಸ್‌ಡಿಎಂಸಿ ಸಭೆಯಲ್ಲಿ ಜರ್ಸಿಯ ಜೊತೆ ಇದನ್ನೂ ಬರೆಸಿ, ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ಕಬಡ್ಡಿ ಅಂಕಣದ ಪಕ್ಕದಲ್ಲೇ ಜಾಗ ಗುರುತಿಸಿ, ಎಸೆತ ಮಾತ್ರ ಅಂಕಣದ ವಿರುದ್ಧ ದಿಕ್ಕಿಗೆ ಇರಲಿ.