ತುಪ್ಪಳ ಬೇಡ, ಕಂಬಳಿ ಹಾಸು

ಬಾಗಲೂರಿನ ಹೊಸ ಫ್ಲ್ಯಾಟಿನ ಹಾಲಿಗೆ ಹಾಸೋಕೆ ಅಂತ ಬೆಳ್ಳಗಿನ ತುಪ್ಪಳದ ಕುರಿಚರ್ಮ ಮೊಬೈಲಲ್ಲಿ ತೋರಿಸಿದೆಯಲ್ಲ ಮಗಳೇ, ಅದನ್ನ ತರಿಸೋಕೆ ಮುಂಚೆ ನನ್ನ ಮಾತು ಸ್ವಲ್ಪ ಕೇಳು. ಪ್ಲಾಸ್ಟಿಕ್ ಹಾಸು ಬೇಡ, ಕುರಿಯದ್ದೇ ಬೇಕು ಅನ್ನೋ ನಿನ್ನ ಆಸೆ ನನಗೂ ಇಷ್ಟ. ಆದರೆ ಅಂಥ ತುಪ್ಪಳದ ಕುರಿ ನಮ್ಮ ಸೀಮೆಯದ್ದಲ್ಲ. ಬನ್ನೂರು ಕುರಿ ಹೆಸರುವಾಸಿಯಾಗಿರೋದು ಮಾಂಸಕ್ಕೆ. ನಮ್ಮ ಉಣ್ಣೆಯ ಕುರಿ ಅಂದರೆ ದಖನಿ. ಬಹುಪಾಲು ಕಪ್ಪು ಮೈ, ಒರಟು ಉಣ್ಣೆ. ಬಯಲುಸೀಮೆಯ ಬಿಸಿಲಲ್ಲಿ ದಿನವಿಡೀ ನಡೆದು ಕುರುಚಲು ಮೇಯ್ದು ಬದುಕೋ ಗಟ್ಟಿ ಜೀವ ಅದು. ಅದರಿಂದ ಆಗೋ ಹಾಸು ಕಂಬಳಿ.

ಚರ್ಮ ಸಿಗೋದು ಕುರಿ ಸತ್ತ ಮೇಲೆ, ಒಂದೇ ಸಲ. ದಖನಿಯ ಉಣ್ಣೆಯನ್ನ ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಕುರಿ ಮಂದೆಯಲ್ಲೇ ಇರುತ್ತೆ. ಚಳ್ಳಕೆರೆ ಕಡೆ ಹೋಗಿ ನೋಡು. ಹೆಂಗಸರು ಉಣ್ಣೆ ಹಿಂಜಿ ರಾಟೆಯಲ್ಲಿ ನೂಲು ತೆಗೀತಾರೆ. ಹಾಸುನೂಲನ್ನ ಬಯಲಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಹುಣಸೆಬೀಜದ ಗಂಜಿ ಬಳಿದು ಒಣಗಿಸಿ, ಆಮೇಲೆ ಕುಣಿಮಗ್ಗಕ್ಕೆ ಏರಿಸ್ತಾರೆ. ಹೊಸ ಕಂಬಳಿ ಬಿರುಸಾಗಿರೋದು ಆ ಗಂಜಿಯಿಂದಲೇ. ಬಳಸ್ತಾ ಬಳಸ್ತಾ ಮೆತ್ತಗಾಗುತ್ತೆ, ಆತುರ ಪಡಬೇಡ.

ಇನ್ನೊಂದು ಸಂಗತಿ ನನ್ನ ಮನಸ್ಸನ್ನ ಕೊರೀತಿದೆ. ಉಣ್ಣೆಗೆ ಬೆಲೆ ಬಿದ್ದು, ಕತ್ತರಿಸೋ ಕೂಲಿಯೂ ಹುಟ್ಟದ ಹಾಗಾದಾಗ ಕುರಿಗಾರ ಏನು ಮಾಡ್ತಾನೆ ಹೇಳು? ಬೇಗ ತೂಕ ಬರೋ ಕೆಂಪು ಕುರಿಯ ಟಗರನ್ನ ಮಂದೆಗೆ ಬಿಡ್ತಾನೆ. ಹುಟ್ಟೋ ಮರಿಗೆ ಮೈತುಂಬ ಉಣ್ಣೆ ಇರೋದಿಲ್ಲ. ಹೀಗೇ ತಲೆಮಾರು ಕಳೆದರೆ ಕರಿ ದಖನಿಯನ್ನ ಹುಡುಕಿಕೊಂಡು ಹೋಗಬೇಕಾಗುತ್ತೆ. ಜೊತೆಗೆ ಚಳ್ಳಕೆರೆ ತಾಲ್ಲೂಕಿನ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ಸಂಶೋಧನಾ ಸಂಸ್ಥೆಗಳ ಪಾಲಾಗಿ, ಮೇಯಿಸೋ ಬಯಲೂ ಕಿರಿದಾಯಿತು. ಈ ತಳಿ ಉಳೀಬೇಕಾದರೆ ಅದರ ಉಣ್ಣೆಗೆ ಗಿರಾಕಿ ಬೇಕು. ಆ ಗಿರಾಕಿ ನೀನಾಗು.

ಕೊಳ್ಳುವಾಗ ಮೋಸ ಹೋಗಬೇಡ. ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿ ತಾಗಿಸು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತೆ. ನೂಲಿನ ದಪ್ಪ ಅಲ್ಲಲ್ಲಿ ಹೆಚ್ಚುಕಮ್ಮಿ ಇದ್ದರೆ ಅದು ಕೈನೂಲಿನ ಗುರುತು, ಕೊರತೆ ಅಂತ ಬೆಲೆ ಇಳಿಸಬೇಡ. ಬಣ್ಣ ಹಾಕಿದ್ದು ಬೇಡ. ಕುರಿಯ ಕಪ್ಪೇ ಸಾಕು, ದೇವರ ಕಾರ್ಯಕ್ಕೆ ನಿಮ್ಮಜ್ಜಿ ಗದ್ದುಗೆ ಹಾಕ್ತಿದ್ದದ್ದೂ ಆ ಕರಿ ಕಂಬಳಿಯಲ್ಲೇ.

ಮನೆಗೆ ತಂದ ಮೇಲೆ ವಾಷಿಂಗ್ ಮೆಷಿನ್‌ಗೆ ಮಾತ್ರ ಹಾಕಬೇಡ, ಮುದುಡಿ ಗಂಟಾಗುತ್ತೆ. ಕೊಡವಿ ಬಾಲ್ಕನಿಯ ಬಿಸಿಲಿಗೆ ಹಾಕು. ಮಳೆಗಾಲದಲ್ಲಿ ಮಡಚಿಡೋದಾದರೆ ಪದರದ ನಡುವೆ ಒಣಗಿದ ಬೇವಿನ ಸೊಪ್ಪು ಇಡು, ಹುಳ ಹತ್ತಿರ ಬರೋದು ಕಮ್ಮಿ.

ಹೆಬ್ಬಾಳದಲ್ಲಿ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ಕಚೇರಿ ಇದೆ, ನಿನಗೆ ಹೋಗಿಬರೋ ದಾರಿಯೇ. ಉಣ್ಣೆ ನೇಕಾರರ ಸಂಘಗಳು ಎಲ್ಲೆಲ್ಲಿವೆ ಅಂತ ಅಲ್ಲಿ ವಿಚಾರಿಸು. ಹಾಲಿನ ಅಳತೆ ಬರೆದುಕೊಂಡು ಹೋಗು. ಹೇಳಿ ನೇಯಿಸೋದಾದರೆ ಅರ್ಧ ದುಡ್ಡು ಮುಂಗಡ ಕೊಡು. ನೂಲಿಗೆ ಅವರು ಸಾಲ ಮಾಡೋದು ತಪ್ಪುತ್ತೆ.