ಗೇರ್‌ಬಾಕ್ಸ್ ಬಿಚ್ಚಿಸುವ ಮುಂಚೆ

ಗೇರ್‌ಬಾಕ್ಸ್ ಇನ್ನೂ ಬಿಚ್ಚಿಸಬೇಡ, ಮಗ. ಫೋನಿನಲ್ಲಿ ನೀನು ಹೇಳಿದ್ದು ಇಷ್ಟು: "ಗಾಡಿ ಗೇರ್ ಸರಿಯಾಗಿ ತಗೋತಿಲ್ಲ ಮಾವ, ಗ್ಯಾರೇಜಿನವರು ಬಿಚ್ಚಿ ನೋಡಬೇಕು ಅಂತಾರೆ." ಆ ಒಂದು ಮಾತಿನೊಳಗೆ ಬೇರೆ ಬೇರೆ ಐದಾರು ಕಾಯಿಲೆ ಸೇರಿಕೊಂಡಿವೆ. ಕೆಲವು ಒಂದು ಬ್ಯಾಟರಿಯ ಖರ್ಚಿನಲ್ಲಿ ಮುಗಿಯುತ್ತವೆ, ಕೆಲವಕ್ಕೆ ಲಕ್ಷದ ಮೇಲೆ ಬೀಳುತ್ತದೆ. ಯಾವುದು ಅಂತ ಗೊತ್ತಾಗುವ ಮೊದಲೇ ಸ್ಪ್ಯಾನರ್ ಹಾಕಿಸಿದರೆ ಎರಡಕ್ಕೂ ಒಂದೇ ಬಿಲ್ಲು.

ನಮ್ಮ ಕಡೆ ಮೆಕ್ಯಾನಿಕ್‌ಗಳಿಗೆ ಕೈಚಳಕ ಕಮ್ಮಿ ಇಲ್ಲ. ಆದರೆ ಅವರು ಕಲಿತದ್ದು ಮ್ಯಾನುವಲ್ ಗಾಡಿ ಮೇಲೆ. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ಬಂತು, 2005ರಲ್ಲಿ ಇನ್ನೋವಾ ಬಂತು. ಇಲ್ಲಿ ಮಾರಾಟವಾದ ಆ ಹಳೇ ಇನ್ನೋವಾಗಳೆಲ್ಲ ಮ್ಯಾನುವಲ್ಲೇ. ಬಿಡದಿಯಲ್ಲೇ ತಯಾರಾಗಿ 2004ರಿಂದ ಹೊರದೇಶಕ್ಕೆ ಹೋದ ಗೇರ್‌ಬಾಕ್ಸುಗಳೂ ಮ್ಯಾನುವಲ್ಲೇ. ಆಟೋಮ್ಯಾಟಿಕ್ ಇನ್ನೋವಾ ಅಂತ ಬಂದದ್ದು 2016ರಲ್ಲಿ, ಕ್ರಿಸ್ಟಾ ಜೊತೆಗೆ. ಆ ಮೊದಲ ಗಾಡಿಗಳು ಈಗ ಎರಡು ಮೂರು ಕೈ ದಾಟಿ ರಾಮನಗರ, ಕನಕಪುರ, ಮಾಗಡಿ ಬೀದಿಗಳಲ್ಲಿ ಓಡಾಡುತ್ತಿವೆ. ನಿನ್ನದೂ ಅಂಥದ್ದೇ. ಆರು ಗೇರು, ಟಾರ್ಕ್ ಕನ್ವರ್ಟರ್. ಸೆಲೆರಿಯೋದಲ್ಲಿ 2014ರಲ್ಲಿ ಬಂದ ಎಎಂಟಿ ಬೇರೆಯೇ ಜಾತಿ. ಅದು ಕ್ಲಚ್ ಪ್ಲೇಟಿರುವ ಮ್ಯಾನುವಲ್ ಗೇರ್‌ಬಾಕ್ಸು, ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಸಿವಿಟಿ ಇನ್ನೊಂದು ಜಾತಿ, ಅದರಲ್ಲಿ ಇಂಜಿನ್ ಕೂಗು ಏರಿದ ಮೇಲೆ ವೇಗ ಏರುವುದು ಸಹಜ. ಒಂದರ ಕಾಯಿಲೆಗೆ ಇನ್ನೊಂದರ ಔಷಧಿ ಹೇಳುವವರು ಬಹಳ ಜನ ಸಿಗುತ್ತಾರೆ, ಹುಷಾರು.

ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ರೀಲರುಗಳು ಒಂದು ಹಿಡಿ ಗೂಡು ಕೈಗೆ ತಗೊಂಡು ನೋಡಿಯೇ ನೂಲು ಹೇಗೆ ಬರುತ್ತದೆ ಅಂತ ಅಂದಾಜು ಕಟ್ಟುವುದನ್ನು ನೀನು ನೋಡಿದ್ದೀಯ. ಗಾಡಿಯನ್ನೂ ಮೊದಲು ಹಾಗೆ ನೋಡು. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡು, ಬ್ರೇಕ್ ಒತ್ತಿಕೊಂಡೇ ಲಿವರನ್ನು ಡಿಗೆ ಹಾಕು. ಒಂದು ಕ್ಷಣದಲ್ಲಿ ಗಾಡಿ ಹಿಡಿದುಕೊಂಡದ್ದು ಕಾಲಿಗೆ ಗೊತ್ತಾಗಬೇಕು. ಎರಡು ಮೂರು ಸೆಕೆಂಡು ಕಾಯಿಸಿ ಆಮೇಲೆ ಹಿಡಿದರೆ ಆಯಿಲ್ ಕಮ್ಮಿಯಿರಬಹುದು, ಒಳಗಿನ ಸೀಲುಗಳು ಗಡಸಾಗಿರಬಹುದು. ತಡವಿಲ್ಲದೆ ಹಿಡಿದರೂ ಧಡ್ ಅಂತ ಹೊಡೆದರೆ ಗೇರ್‌ಬಾಕ್ಸಿನ ಮೇಲೆ ಅನುಮಾನ ಪಡುವ ಮೊದಲು ಅದರ ಮೌಂಟಿಂಗ್, ಇಂಜಿನ್ ಮೌಂಟಿಂಗ್, ಐಡಲ್ ಜಾಸ್ತಿ ಇದೆಯಾ, ಪ್ರೊಪೆಲರ್ ಶಾಫ್ಟಿನ ಕ್ರಾಸ್ ಸವೆದಿದೆಯಾ, ಇಷ್ಟು ನೋಡಿಸು. ನಿನ್ನ ಗಾಡಿಗೆ ಎಳೆತ ಹಿಂದಿನ ಚಕ್ರದಲ್ಲಿ, ಹಾಗಾಗಿ ಶಾಫ್ಟು ಮರೆಯಬೇಡ.

ಆಮೇಲೆ ಅದೇ ಗಾಡಿಯನ್ನು ಬಿಸಿಯಾದ ಮೇಲೆ ನೋಡು. ತಣ್ಣಗಿದ್ದಾಗ ಮಾತ್ರ ತಕರಾರು, ಬಿಸಿಯಾದರೆ ಸರಿ ಅನ್ನುವುದು ಒಂದು ಕಥೆ. ತಣ್ಣಗಿದ್ದಾಗ ಸರಿ, ಅರ್ಧ ಗಂಟೆ ಓಡಿದ ಮೇಲೆ ಜಾರುತ್ತದೆ ಅನ್ನುವುದು ಬೇರೆ ಕಥೆ, ಇನ್ನೂ ಕೆಟ್ಟದ್ದು. ಬಿಸಿಗೆ ಆಯಿಲ್ ತೆಳ್ಳಗಾಗುತ್ತದೆ. ಪಂಪು ಸವೆದಿದ್ದರೆ, ಎಲ್ಲೋ ಒಳಗೆ ಸೋರುತ್ತಿದ್ದರೆ ಒತ್ತಡ ಬೀಳುವುದು ಆಗಲೇ. ಜಾರುವುದು ಅಂದರೆ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮುಳ್ಳು ಏರುತ್ತದೆ, ಗಾಡಿ ಮಾತ್ರ ಮುಂದಕ್ಕೆ ಎಳೆಯುವುದಿಲ್ಲ. ಯಾವ ಗೇರಿನಿಂದ ಯಾವ ಗೇರಿಗೆ ಹೋಗುವಾಗ ಹೀಗಾಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೋ. ಒಳ್ಳೆ ಮೆಕ್ಯಾನಿಕ್‌ಗೆ ಆ ಚೀಟಿಯಿಂದಲೇ ಅರ್ಧ ಕೆಲಸ ಆಗುತ್ತದೆ.

ಮೈಸೂರು ಹೈವೇಯಲ್ಲಿ ಬಿಡದಿ ದಾಟಿ ಚನ್ನಪಟ್ಟಣದ ಕಡೆ ಹೋಗುವಾಗ ಒಂದು ಪರೀಕ್ಷೆ ಮಾಡಬಹುದು. ಎಪ್ಪತ್ತು ಎಂಬತ್ತರ ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಹಿಡಿದಿರುವಾಗ ನುಣ್ಣನೆ ರಸ್ತೆಯಲ್ಲೂ ಗಾಡಿ ಸಣ್ಣಗೆ ನಡುಗುತ್ತದಾ? ನಡುಗಿದರೆ ಹಿಂದೆ ಗಾಡಿ ಇಲ್ಲ ಅಂತ ಕನ್ನಡಿಯಲ್ಲಿ ನೋಡಿ, ಆಕ್ಸಿಲರೇಟರ್ ಬಿಡದೆಯೇ ಎಡಗಾಲಲ್ಲಿ ಬ್ರೇಕ್ ಪೆಡಲನ್ನು ಬರೀ ಮುಟ್ಟು, ಬ್ರೇಕ್ ಹಿಡಿಯುವಷ್ಟು ಬೇಡ. ಮುಟ್ಟಿದ ಕೂಡಲೇ ಟಾರ್ಕ್ ಕನ್ವರ್ಟರಿನ ಲಾಕಪ್ ಕ್ಲಚ್ ಬಿಟ್ಟುಕೊಳ್ಳುತ್ತದೆ. ನಡುಕ ಆಗ ನಿಂತರೆ ತೊಂದರೆ ಲಾಕಪ್‌ನದು, ಎಷ್ಟೋ ಸಲ ಸರಿಯಾದ ಹೊಸ ಆಯಿಲಿಗೇ ಸರಿಹೋಗುತ್ತದೆ. ನಿಲ್ಲದಿದ್ದರೆ ಇಂಜೆಕ್ಟರ್, ಮಿಸ್‌ಫೈರ್, ಟೈರು ಇತ್ಯಾದಿ ಕಡೆ ಹೋಗು. ಎಡಗಾಲು ಅಭ್ಯಾಸವಿಲ್ಲದಿದ್ದರೆ ಈ ಪರೀಕ್ಷೆ ನೀನು ಮಾಡಬೇಡ, ಅನುಭವ ಇರುವವರ ಕೈಗೆ ಗಾಡಿ ಕೊಡು.

ಇನ್ನು ಆಯಿಲ್. ಮ್ಯಾನುವಲ್‌ನಲ್ಲಿ ಆಯಿಲ್ ಗೇರುಗಳಿಗೆ ಜಾರಿಕೆ ಕೊಟ್ಟರೆ ಸಾಕು. ಇಲ್ಲಿ ಹಾಗಲ್ಲ. ಇಂಜಿನ್ನಿನ ಬಲವನ್ನು ದಾಟಿಸುವುದೂ ಅದೇ, ಕ್ಲಚ್ಚುಗಳನ್ನು ಒತ್ತಿ ಹಿಡಿಯುವುದೂ ಅದೇ, ಬಿಸಿ ಹೊತ್ತೊಯ್ಯುವುದೂ ಅದೇ. ನಿನ್ನ ಕ್ರಿಸ್ಟಾದಲ್ಲಿ ಅದನ್ನು ನೋಡಲು ಡಿಪ್‌ಸ್ಟಿಕ್ ಇಲ್ಲ. ಗಾಡಿಯನ್ನು ಮಟ್ಟಸವಾಗಿ ಎತ್ತಿ, ಆಯಿಲ್ ಇಂತಿಷ್ಟು ಬಿಸಿಯಲ್ಲಿದ್ದಾಗ, ಇಂಜಿನ್ ಓಡುತ್ತಿರುವಾಗಲೇ ಕೆಳಗಿನ ಪ್ಲಗ್ ಬಿಚ್ಚಿ ನೋಡುವ ಕ್ರಮ. ಅಂದಾಜಿಗೆ ಸುರಿಯುವವರ ಹತ್ತಿರ ಹೋಗಲೇಬೇಡ. ಹಾಕುವುದೂ ಡಬ್ಲ್ಯೂಎಸ್ ಅಂತ ಬರೆದಿರುವ ಆಯಿಲೇ ಆಗಬೇಕು. ಹೊಸದು ಕೆಂಪಗಿರುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಲೈನಿಂಗ್ ಸುಡುತ್ತಿದೆ. ಆಯಿಲ್ ಚೇಂಬರ್ ಇಳಿಸಿದಾಗ ಅದರಲ್ಲಿರುವ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪಾದ ಕೆಸರಿದ್ದರೆ ಹೆದರಬೇಡ, ಅದು ಸಹಜ ಸವೆತ. ಚೂರುಚೂರು ಕಬ್ಬಿಣ ಸಿಕ್ಕರೆ ಮಾತ್ರ ಬಿಚ್ಚುವುದರ ಮಾತು ಎತ್ತಬಹುದು.

ಆಯಿಲ್ ಗುಲಾಬಿ ಬಣ್ಣದ ಹಾಲಿನ ಥರ ಕಂಡರೆ ಒಳಗೆ ನೀರು ಸೇರಿದೆ. ಈ ವಿಷಯ ನಮ್ಮ ಊರಿನವರು ಮರೆಯುವಂಥದ್ದಲ್ಲ. 2022ರ ಆಗಸ್ಟ್ ಕೊನೆಯಲ್ಲಿ ಬಿದ್ದ ಮಳೆಗೆ ರಾಮನಗರದ ಹತ್ತಿರ ಹೆದ್ದಾರಿಯೇ ಹೊಳೆಯಾಯಿತು, ಬಸ್ಸು ಕಾರು ಎಲ್ಲ ಮುಳುಗಿ ನಿಂತವು. ಗೇರ್‌ಬಾಕ್ಸಿಗೆ ಮೇಲ್ಗಡೆ ಗಾಳಿಯಾಡಲು ಬ್ರೀದರ್ ಇರುತ್ತದೆ. ನೀರು ಅಲ್ಲಿಯವರೆಗೆ ಏರಿದರೆ ಒಳಗೆ ಇಳಿಯುತ್ತದೆ, ಕ್ಲಚ್ ಪ್ಲೇಟಿಗೆ ಲೈನಿಂಗ್ ಅಂಟಿಸಿದ ಅಂಟನ್ನು ನಿಧಾನವಾಗಿ ತಿನ್ನುತ್ತದೆ. ಗಾಡಿ ತೊಳೆದು ಪಾಲಿಶ್ ಹಾಕಿ ಮಾರಿದ ಮೇಲೆ ತಿಂಗಳುಗಟ್ಟಲೆ ಚೆನ್ನಾಗಿಯೇ ಓಡಬಹುದು. ನಿನ್ನದು ಆ ವರ್ಷ ಎಲ್ಲಿತ್ತು ಅಂತ ವಿಚಾರಿಸು. ಇನ್ಷೂರೆನ್ಸಿನಲ್ಲಿ ಕ್ಲೇಮ್ ಆಗಿತ್ತಾ ಕೇಳು, ಕಾರ್ಪೆಟ್ ಎತ್ತಿ ಸೀಟಿನ ಬೋಲ್ಟುಗಳಲ್ಲಿ ತುಕ್ಕಿದೆಯಾ ನೋಡು. ಮಳೆಯೇ ಕಾರಣ ಅಂತಲೂ ಅಲ್ಲ. ರೇಡಿಯೇಟರಿನೊಳಗೆ ಆಯಿಲ್ ತಣಿಸುವ ಭಾಗ ಇರುವ ಗಾಡಿಗಳಲ್ಲಿ ಅಲ್ಲಿ ತೂತು ಬಿದ್ದರೂ ಕೂಲೆಂಟ್ ಹೀಗೇ ಬೆರೆಯುತ್ತದೆ.

ಸ್ಕ್ಯಾನರ್ ಹಾಕಿಸುವಾಗಲೂ ಒಂದು ಎಚ್ಚರ. ಪಿ0700 ಅಂತ ಬಂದರೆ ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಬೇರೆ ಕೋಡ್ ಕೂತಿದೆ ಅಂತ ಅಷ್ಟೇ ಅರ್ಥ. ಅದನ್ನೂ ಓದಬಲ್ಲ ಸ್ಕ್ಯಾನರ್ ಬೇಕು. ಓದಿದ ಮೇಲೂ ಕೋಡ್ ತೋರಿಸುವುದು ಯಾವ ಸರ್ಕಿಟ್ ಅಂತ, ಯಾವ ಪಾರ್ಟ್ ಅಂತ ಅಲ್ಲ. ಸೊಲೆನಾಯ್ಡ್ ಕೋಡ್ ಬಂದರೆ ವೈರನ್ನು ಇಲಿ ಕಡಿದಿದೆಯಾ, ಕನೆಕ್ಟರಿನಲ್ಲಿ ಹಸಿರು ಕಟ್ಟಿದೆಯಾ, ಬ್ಯಾಟರಿ ವೋಲ್ಟೇಜ್ ಸರಿಯಿದೆಯಾ ಮೊದಲು ನೋಡಬೇಕು. ಕೊಟ್ಟಿಗೆ ಪಕ್ಕ, ಹುಳು ಮನೆ ಪಕ್ಕ ಗಾಡಿ ನಿಲ್ಲಿಸುವವರು ನಾವು, ಇಲಿ ಕಾಟ ಸಣ್ಣದಲ್ಲ. ಕೋಡ್ ಅಳಿಸುವ ಮೊದಲು ಫೋಟೋ ತೆಗೆದಿಟ್ಟುಕೋ.

ಮಿಷಿನ್ ಹಾಕಿ ಫ್ಲಶ್ ಮಾಡ್ತೀವಿ ಅಂದರೆ ಬೇಡ ಅನ್ನು. ಹಳೇ ಗಾಡಿಗೆ ಚೇಂಬರಿನಲ್ಲಿ ಇಳಿದಷ್ಟು ಇಳಿಸಿ, ಅಷ್ಟೇ ಅಳೆದು ತುಂಬಿಸಿ, ಕೆಲವು ದಿನ ಓಡಿಸಿ ಮತ್ತೆ ಹಾಗೇ ಮಾಡುವುದು ಕ್ಷೇಮ ಅನ್ನುವುದು ನನ್ನ ಅಭಿಪ್ರಾಯ. ಇಳಿಸಿದ ಆಯಿಲ್ ಒಂದು ಬಾಟಲಿಯಲ್ಲಿ ಇಟ್ಟುಕೊಡಲು ಹೇಳು.

ಗಾಡಿ ಸರಿಹೋಗುವವರೆಗೆ ಮಾವಿನ ಕ್ರೇಟು ಹೇರಬೇಡ. ಸಂಗಮದ ಇಳಿಜಾರಿನಲ್ಲಿ ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಲೇಬೇಡ, ಲಿವರನ್ನು ಎಸ್ ಕಡೆ ತಳ್ಳಿ ಕೆಳಗಿನ ಗೇರಿನಲ್ಲಿ ಇಳಿ. ರಿವರ್ಸ್ ಹಾಕುವಾಗ ಗಾಡಿ ಪೂರ್ತಿ ನಿಂತಿರಲಿ. ದಾರಿಯಲ್ಲಿ ಕೈಕೊಟ್ಟರೆ ಹಗ್ಗ ಕಟ್ಟಿ ಎಳೆಸಬೇಡ. ಇಂಜಿನ್ ನಿಂತರೆ ಗೇರ್‌ಬಾಕ್ಸಿನ ಪಂಪೂ ನಿಂತಿರುತ್ತದೆ, ಹಿಂದಿನ ಚಕ್ರ ತಿರುಗಿದಷ್ಟೂ ಒಳಗೆ ಆಯಿಲಿಲ್ಲದೆ ಉಜ್ಜುತ್ತದೆ. ಪೂರ್ತಿ ಗಾಡಿಯನ್ನೇ ಮೇಲೆ ಹೇರುವ ಲಾರಿ ಕರೆಸು.

ಶನಿವಾರ ಸಂಜೆಯೇ ಕನಕಪುರದಿಂದ ಹೊರಟು ಬಾ, ಗಾಡಿ ರಾತ್ರಿಯೆಲ್ಲ ನಮ್ಮನೆ ಮುಂದೆ ನಿಂತಿರಲಿ. ಬೆಳಿಗ್ಗೆ ನೀನು ಸ್ಟಾರ್ಟ್ ಮಾಡಬೇಡ, ನಾನೇ ಮಾಡುತ್ತೇನೆ. ಆ ಚೀಟಿ ಮಾತ್ರ ತರುವುದು ಮರೆಯಬೇಡ.